ಪೋಡಿನ ನಲ್ಲಿ, ಕಾಡಿನ ಪಾಲು

ಹಳ್ಳಿಗೆ ಕುಡಿಯುವ ನೀರು ಕೊಡೋಕೆ ಪರಿಸರ ಅನುಮತಿ ಬೇಕಾ? ಯಾರನ್ನು ಕೇಳಿದರೂ ಬೇಡ ಅಂತಾರೆ. ಅವರು ಹೇಳುವುದು ತಪ್ಪೂ ಅಲ್ಲ. ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯಲ್ಲಿ ಗಣಿ, ಜಲವಿದ್ಯುತ್, ಸಿಮೆಂಟ್ ಕಾರ್ಖಾನೆ, ಹೆದ್ದಾರಿ ಎಲ್ಲಾ ಇವೆ. ಹಳ್ಳಿಯ ನಲ್ಲಿ ನೀರಿನ ಯೋಜನೆ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಬಯಲಿನ ಊರಾದರೆ ಬೋರ್ ಕೊರೆದು, ಟ್ಯಾಂಕ್ ಕಟ್ಟಿ, ಪೈಪ್ ಎಳೆದರೆ ಮುಗೀತು. ಪರಿಸರದ ಮಾತೇ ಬರಲ್ಲ.

ಆದರೆ ಊರು ಹುಲಿ ಸಂರಕ್ಷಿತ ಪ್ರದೇಶದ ಒಳಗಿದ್ದರೆ? ಬಿಳಿಗಿರಿರಂಗನ ಬೆಟ್ಟದ ಒಂದು ಸೋಲಿಗರ ಪೋಡಿಗೆ, ಅಂದರೆ ಕಾಡಿನ ಆದಿವಾಸಿಗಳ ಹಾಡಿಗೆ, ನಲ್ಲಿ ಹಾಕಿಸುವ ಕೆಲಸದಲ್ಲಿ ಮೊದಲಿಂದ ಕೊನೆವರೆಗೆ ನಾನು ಇದ್ದೆ. ಜಲಜೀವನ ಮಿಷನ್‌ನಲ್ಲಿ (ಮನೆ ಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ) ಊರಿನ ಜನರ ಜೊತೆ ಮಾತಾಡಿ, ನೀರು ಸಮಿತಿ ಮಾಡಿಸಿ, ಕಾಗದ ಪತ್ರ ಜೋಡಿಸೋಕೆ ಸ್ವಯಂಸೇವಾ ಸಂಸ್ಥೆಗಳನ್ನು ನೇಮಿಸುತ್ತಾರೆ. ಅಂಥ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕೆಲಸಕ್ಕಿದ್ದೆ. ಪೋಡಿನ ಹೆಸರು ಬರೆಯುವುದಿಲ್ಲ. ಅಲ್ಲಿನವರಿಗೆ ನನ್ನಿಂದ ತೊಂದರೆ ಆಗಬಾರದು. ಸುಮಾರು 60 ಮನೆ, 250 ಜನ ಅಂದುಕೊಳ್ಳಿ.

ಮೊದಲು ಕೈಗೆ ಬಂದ ಯೋಜನಾ ವರದಿ ಬೇರೆ ಊರುಗಳ ವರದಿ ಇದ್ದ ಹಾಗೇ ಇತ್ತು. ಒಂದು ಹೊಸ ಬೋರ್‌ವೆಲ್, ಒಂದು ಓವರ್‌ಹೆಡ್ ಟ್ಯಾಂಕ್, ಮನೆ ಮನೆಗೆ ನಲ್ಲಿ. ಬರೆದವರು ಪೋಡಿಗೆ ಬಂದೇ ಇಲ್ಲ ಅಂತ ಓದಿದರೆ ಗೊತ್ತಾಗುತ್ತಿತ್ತು. ಬೋರ್ ಲಾರಿ ಹತ್ತೋಕೆ ಅಲ್ಲಿ ದಾರಿ ಸರಿ ಇಲ್ಲ. ಕರೆಂಟ್ ಬಂದರೆ ಬಂತು, ಗಾಳಿ ಮಳೆಗೆ ಹೋದರೆ ವಾರಗಟ್ಟಲೆ ಇಲ್ಲ. ಮೋಟಾರ್ ಯಾವುದರ ಮೇಲೆ ಓಡಬೇಕು? ಅಲ್ಲಿ ಆಗಲೇ ಒಂದು ಹಳೇ ಬೋರ್ ಇತ್ತು. ಫೀಲ್ಡ್ ಟೆಸ್ಟ್ ಕಿಟ್‌ನಲ್ಲಿ ಅದರ ನೀರು ಹಾಕಿ ನೋಡಿದಾಗ ಫ್ಲೋರೈಡ್ ಬಣ್ಣ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದನ್ನು ತೋರಿಸಿತು. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ 1 ಇರಬೇಕು, ಬೇರೆ ನೀರೇ ಇಲ್ಲ ಅಂದರೆ 1.5ರವರೆಗೆ ಸರಿ. ಅದಕ್ಕಿಂತ ಮೇಲೆ ಕುಡಿಸುವಂತಿಲ್ಲ. ಅದೇ ಬಂಡೆಯಲ್ಲಿ ಇನ್ನೊಂದು ತೂತು ಕೊರೆದರೆ ಬೇರೆ ನೀರು ಬರುತ್ತಾ?

ಪೋಡಿನವರು ಕುಡಿಯುತ್ತಿದ್ದದ್ದು ಬೋರ್ ನೀರನ್ನಲ್ಲ. ಮೇಲಿನ ಅಬ್ಬಿಯಿಂದ, ಅಂದರೆ ನೀರು ಹುಟ್ಟುವ ಜಾಗದಿಂದ, ಇಳಿಯುವ ತೊರೆಯ ನೀರನ್ನು. ಹೆಂಗಸರು, ಮಕ್ಕಳು ಬೆಳಗ್ಗೆ ಸಂಜೆ ಕೊಡ ಹೊತ್ತು ತರುತ್ತಿದ್ದರು. ಬೆಳಗ್ಗೆ ಹೊತ್ತು ಮಂಜು ಬಿಡೋ ಮುಂಚೆ ಹೋಗುವಂತಿಲ್ಲ, ಆನೆ ನಿಂತಿರುತ್ತೆ. ಸಭೆಯಲ್ಲಿ ಎಲ್ಲರದ್ದೂ ಒಂದೇ ಮಾತು. ಆ ನೀರನ್ನೇ ಪೈಪಲ್ಲಿ ಇಳಿಸಿಕೊಡಿ, ಮೋಟಾರೂ ಬೇಡ ಕರೆಂಟೂ ಬೇಡ. ಅಬ್ಬಿ ಮೇಲಿದೆ, ಪೋಡು ಕೆಳಗಿದೆ, ನೀರು ತಾನಾಗಿ ಬರುತ್ತೆ. ಇಂಜಿನಿಯರ್ ಕೂಡ ಬಂದು ನೋಡಿ ಒಪ್ಪಿದರು. ಅಲ್ಲಿಂದ ಶುರುವಾಯಿತು ಕಾಡಿನ ಕಾಗದದ ಕೆಲಸ.

ಕಾಡು ಜಮೀನಿನಲ್ಲಿ ಪೈಪ್ ಹೂಳಬೇಕು ಅಂದರೆ ಮಾಮೂಲಿಯಾಗಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಲ್ಲಿ ಕೇಂದ್ರದ ಒಪ್ಪಿಗೆ ಬೇಕು. ಅದು ದೊಡ್ಡ ದಾರಿ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಕಲಂ ಒಂದು ಚಿಕ್ಕ ದಾರಿ ಮಾಡಿಕೊಟ್ಟಿದೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ರಸ್ತೆ ಹೀಗೆ 13 ಬಗೆಯ ಸೌಲಭ್ಯಕ್ಕೆ ಕಾಡು ಜಮೀನು ಕೊಡಬಹುದು. ಕುಡಿಯುವ ನೀರು ಮತ್ತು ನೀರಿನ ಪೈಪ್ ಆ ಪಟ್ಟಿಯಲ್ಲಿದೆ. ಒಂದೊಂದು ಕೆಲಸಕ್ಕೂ ಜಮೀನು 1 ಹೆಕ್ಟೇರಿಗಿಂತ ಕಡಿಮೆ ಇರಬೇಕು. ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯಬಾರದು. ಗ್ರಾಮಸಭೆ ಶಿಫಾರಸು ಮಾಡಿರಬೇಕು. ಇಷ್ಟಿದ್ದರೆ ಡಿಸಿಎಫ್ (ಅರಣ್ಯ ಉಪ ಸಂರಕ್ಷಣಾಧಿಕಾರಿ) ಮಟ್ಟದಲ್ಲೇ ತೀರ್ಮಾನ. ಅವರು ಒಪ್ಪದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿಗೆ ಹೋಗುತ್ತೆ. ಇದರ ಕ್ರಮವನ್ನು ಬುಡಕಟ್ಟು ವ್ಯವಹಾರಗಳ ಸಚಿವಾಲಯ 2009ರಲ್ಲೇ ಬರೆದು ಕಳಿಸಿದೆ.

ನಮ್ಮ ಲೆಕ್ಕ ಸುಲಭವಾಗಿತ್ತು. ಪೈಪ್ ದಾರಿ ಸುಮಾರು 2 ಕಿಲೋಮೀಟರ್, ಪೈಪ್ ಹೂಳೋಕೆ ತೋಡುವ ಕಾಲುವೆಯ ಅಗಲ 60 ಸೆಂಟಿಮೀಟರ್. ಮೇಲೊಂದು ತೊಟ್ಟಿ, ಕೆಳಗೊಂದು ಟ್ಯಾಂಕ್ ಸೇರಿಸಿದರೂ 0.15 ಹೆಕ್ಟೇರ್ ಆಗಲಿಲ್ಲ. ಅರ್ಧ ಎಕರೆಗೂ ಕಡಿಮೆ. ಇಷ್ಟಕ್ಕೆ ಏನು ಪರಿಸರ ಪರಿಶೀಲನೆ ಅಂತ ಇಂಜಿನಿಯರ್ ನಗುತ್ತಿದ್ದರು.

ಮೊದಲ ತಡೆ ಗ್ರಾಮಸಭೆಯದ್ದೇ. ಕೆಲಸ ಬೇಗ ಆಗಲಿ ಅಂತ ಪಂಚಾಯಿತಿಯ ಮಾಮೂಲಿ ಗ್ರಾಮಸಭೆಯ ನಡಾವಳಿಯನ್ನೇ ಯಾರೋ ಕಡತಕ್ಕೆ ಸೇರಿಸಿದ್ದರು. ಬಯಲಿನ ಮೂರು ನಾಲ್ಕು ಊರು ಸೇರಿದ ಸಭೆ ಅದು. ಅಲ್ಲಿ ಪೋಡಿನವರು ಎಷ್ಟು ಜನ ಇದ್ದರೋ ದೇವರಿಗೇ ಗೊತ್ತು. ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಕಡತ ತೆರೆದು ನೋಡಿದವರೇ ಮುಚ್ಚಿ ವಾಪಸ್ ಕೊಟ್ಟರು. "ಇದು ನಡೆಯಲ್ಲ ಮೇಡಂ. ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಅಂದ್ರೆ ಆ ಪೋಡಿನದ್ದೇ ಆಗಬೇಕು. ಅರ್ಧದಷ್ಟು ಜನ ಕೂತಿರಬೇಕು, ಕೂತವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ರುಜು, ಹೆಬ್ಬೆಟ್ಟು ಎಲ್ಲಾ ಬೇಕು." ನಮ್ಮ ಜೊತೆ ಬಂದಿದ್ದವರಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ. ಆ ಮನುಷ್ಯ ನಿಯಮ ಓದಿಕೊಂಡಿದ್ದರು. ಅಂಥವರು ಸಿಗುವುದೇ ಅಪರೂಪ. 2012ರಲ್ಲಿ ತಿದ್ದಿದ ನಿಯಮದಲ್ಲಿ ಅವರು ಹೇಳಿದ್ದೇ ಬರೆದಿದೆ.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಬಿಆರ್‌ಟಿ (ಬಿಳಿಗಿರಿರಂಗನ ಬೆಟ್ಟದ ಕಾಡು) 1974ರಲ್ಲಿ ಅಭಯಾರಣ್ಯ ಆಯಿತು. ಅದರ ಜೊತೆಗೇ ಸೋಲಿಗರ ಪೋಡು ಬದಲಿಸುವ ಬೇಸಾಯ ನಿಂತಿತು, ಬೇಟೆ ನಿಂತಿತು, ಬೇಸಿಗೆ ಮುಂಚೆ ಅವರು ಹಾಕುತ್ತಿದ್ದ ತರಗು ಬೆಂಕಿ ನಿಂತಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯಿತು. ಅದೇ ವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರವೂ ಸಿಕ್ಕಿತು. ಹುಲಿ ಕಾಡಿನ ಒಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಪತ್ರ ಕೈಯಲ್ಲಿದ್ದರೂ ಮಾತು ಕೇಳಿಸಿಕೊಳ್ಳುವವರು ಇರಲ್ಲ ಅನ್ನೋದು ಹಳೇ ದೂರು. ಹಾಗಾಗಿ "ಗ್ರಾಮಸಭೆ ಮಾಡಿ" ಅಂತ ಅರಣ್ಯ ಇಲಾಖೆಯವರೇ ಹೇಳಿದ್ದು ಕೇಳಿ ಪೋಡಿನ ಯಜಮಾನರಿಗೆ ನಗು ಬಂತು. "ಯಾವತ್ತೂ ಕೇಳ್ದೋರು ಇವತ್ ಕೇಳ್ತಾವ್ರ. ಸರಿ, ಕೂರಮ."

ಪೋಡಿನ ಸಮುದಾಯ ಭವನದ ಮುಂದೆ ಸಭೆ ಕೂತಿತು. ಅರ್ಧ ಗಂಟೆಯಲ್ಲಿ ಮುಗಿಯುತ್ತೆ ಅಂತ ನಾವು ಅಂದುಕೊಂಡಿದ್ದೆವು. ನೀರು ಅವರಿಗೇ ತಾನೇ? ಬೇಡ ಅನ್ನುವವರು ಯಾರು? ಬೇಡ ಅಂತ ಯಾರೂ ಅನ್ನಲಿಲ್ಲ. ಆದರೆ ಇಂಜಿನಿಯರ್ ನಕ್ಷೆ ಹಾಸಿದ ಕೂಡಲೇ ಒಬ್ಬೊಬ್ಬರೇ ಎದ್ದು ಬಂದು ಬೆರಳಿಟ್ಟು ಕೇಳೋಕೆ ಶುರು ಮಾಡಿದರು.

ತಮ್ಮಡಿ, ಅಂದರೆ ಪೂಜೆ ಮಾಡುವ ಅಜ್ಜ, ಮೊದಲು ಕೇಳಿದ್ದು ಮೇಲಿನ ತೊಟ್ಟಿ ಎಲ್ಲಿ ಕಟ್ಟುತ್ತೀರಿ ಅಂತ. ಇಂಜಿನಿಯರ್ ನೀರು ಹುಟ್ಟುವ ಜಾಗದಲ್ಲೇ ಅಂದರು. ಅವರ ಪ್ರಕಾರ ಅದು ಸರಿ. ನೀರು ಬಂಡೆಯಿಂದ ಹೊರಗೆ ಬರುವಲ್ಲೇ ಮುಚ್ಚಿದ ತೊಟ್ಟಿ ಕಟ್ಟಿದರೆ ಸಗಣಿ, ಎಲೆ, ಮಣ್ಣು ಏನೂ ಸೇರಲ್ಲ. ಅಜ್ಜ ತಲೆ ಅಲ್ಲಾಡಿಸಿದರು. ಸೋಲಿಗರಲ್ಲಿ ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಯೆಲ್ಲೆ ಇದೆ. ಯೆಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಜಾಗಗಳಿವೆ. ಅಲ್ಲಿ ಚಪ್ಪಲಿ ಹಾಕಿ ಹೋಗಲ್ಲ, ಮರ ಮುಟ್ಟಲ್ಲ. ನಾವು ನೀರು ತರಬೇಕು ಅಂದುಕೊಂಡ ಜಾಗ ಅಂಥದ್ದೇ. "ಕುಡಿಯಾಕ ತಕ್ಕೊಳ್ಳಿ, ಬ್ಯಾಡ ಅಂದವ್ರು ಯಾರು? ಅದರ ಕಣ್ಗ ಸಿಮೆಂಟ್ ಹಾಕ್ಬ್ಯಾಡಿ."

ಇಂಜಿನಿಯರ್ ನನ್ನ ಮುಖ ನೋಡಿದರು. ನಾನು ಕಡತದ ನಮೂನೆ ನೋಡಿದೆ. ನಮೂನೆಯಲ್ಲಿ ಜಮೀನು ಎಷ್ಟು, ಮರ ಎಷ್ಟು, ಯಾವ ಕೆಲಸಕ್ಕೆ ಅನ್ನೋ ಪ್ರಶ್ನೆ ಇದ್ದವು. ಇದನ್ನು ಬರೆಯೋಕೆ ಜಾಗ ಇರಲಿಲ್ಲ.

ಆಮೇಲೆ ಎದ್ದದ್ದು ಆನೆ ದಾರಿ. ಕೆಳಗಿನ ಟ್ಯಾಂಕ್‌ಗೆ ಗುರುತು ಹಾಕಿದ್ದ ಸಮತಟ್ಟು ಜಾಗ ನೋಡೋಕೆ ಚೆನ್ನಾಗಿತ್ತು. ಸಮತಟ್ಟಾಗಿರೋದು ಯಾಕೆ ಅಂತ ನಮಗೆ ಹೊಳೆದಿರಲಿಲ್ಲ. ಒಬ್ಬ ಹುಡುಗ, ವಾಚರ್ ಕೆಲಸ ಮಾಡುವವನು, ಹೇಳಿದ: ಮಳೆಗಾಲ ಕಳೆದ ಮೇಲೆ ಗುಂಪು ಗುಂಪಾಗಿ ಅಲ್ಲೇ ಇಳಿದು ಹೋಗುತ್ತವೆ, ಟ್ಯಾಂಕ್ ಕಟ್ಟಿದರೆ ಮೊದಲ ವರ್ಷವೇ ಕೆಡವುತ್ತವೆ. ಪೈಪ್ ಬಗ್ಗೆಯೂ ಅವನೇ ಎಚ್ಚರಿಸಿದ. ಮೇಲೆ ಮೇಲೆ ಹೂಳಿದರೆ ನೀರಿನ ವಾಸನೆಗೆ ಕಿತ್ತು ಎಳೆಯುತ್ತವಂತೆ. ಬೇರೆ ಪೋಡಿನಲ್ಲಿ ನಡೆದದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಇಷ್ಟಾದರೂ ನಿಜವಾದ ಪ್ರಶ್ನೆ ಬಂದದ್ದು ಕೊನೆಗೆ. ಒಬ್ಬ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಸುಮ್ನೆ ಕೂತಿದ್ದರು. ಎಲ್ಲರ ಮಾತು ಮುಗಿದ ಮೇಲೆ ನನ್ನನ್ನು ಕರೆದು ಕೇಳಿದರು. "ನೀರ್ ಅಳ್ದ್ರಲ್ಲ, ಯಾವಾಗ ಅಳ್ದ್ರಿ ಕೂಸು?"

ದೀಪಾವಳಿ ಆದ ಮೇಲೆ, ಅಂದೆ.

"ಆಗ ಎಲ್ಲಾ ಕಡ ನೀರ್ ಅದ. ಶಿವರಾತ್ರಿ ಕಳೀಲಿ, ಆಮೇಲ್ ಬಂದ್ ಅಳಿ."

ದೀಪಾವಳಿ ಹೊತ್ತಿಗೆ ಅಳೆದಾಗ 15 ಲೀಟರ್ ಬಕೆಟ್ ತುಂಬೋಕೆ 12 ಸೆಕೆಂಡ್ ಸಾಕಾಗಿತ್ತು. ದಿನಕ್ಕೆ ಒಂದು ಲಕ್ಷ ಲೀಟರ್ ದಾಟುವ ಹರಿವು. ಜಲಜೀವನ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. 250 ಜನಕ್ಕೆ 13,750 ಲೀಟರ್. ತೊರೆಯ ಎಂಟನೇ ಒಂದು ಪಾಲು ಅಷ್ಟೇ. ಅದನ್ನೇ ವರದಿಯಲ್ಲಿ ಬರೆದಿತ್ತು. ಗ್ರಾಮಸಭೆ ಅವತ್ತು ಶಿಫಾರಸು ಕೊಡಲಿಲ್ಲ. ನೀರು ಬೇಕು, ಜಾಗ ಬದಲಿಸಿ, ಬೇಸಿಗೆಯಲ್ಲಿ ಅಳೆದು ಬನ್ನಿ ಅಂತ ನಡಾವಳಿ ಬರೆಸಿ ಎದ್ದಿತು.

ನಮ್ಮ ಮೇಲಿನವರಿಗೆ ಇದು ಹಿಡಿಸಲಿಲ್ಲ. ಮಾರ್ಚ್ ಒಳಗೆ ಕೆಲಸ ಶುರು ಆಗಬೇಕು, ಇಲ್ಲದಿದ್ದರೆ ಹಣ ಮುಂದಕ್ಕೆ ಹೋಗುತ್ತೆ. ಒಂದು ಕಚೇರಿಯಲ್ಲಂತೂ "ಅವರಿಗೋಸ್ಕರ ಮಾಡ್ತಿದ್ದೀವಿ, ಅವರೇ ಅಡ್ಡ ಹಾಕ್ತಾರೆ" ಅಂತ ನನ್ನ ಮುಖಕ್ಕೇ ಹೇಳಿದರು. ಸರ್ಕಾರಿ ಕೆಲಸದಲ್ಲಿ ಈ ಮಾತು ಎಷ್ಟು ಸಲ ಕೇಳಿಲ್ಲ! ಜನ ಪ್ರಶ್ನೆ ಕೇಳಿದರೆ ಅಡ್ಡ ಹಾಕಿದ ಹಾಗೆ, ಸುಮ್ಮನಿದ್ದರೆ ಸಹಕಾರ ಕೊಟ್ಟ ಹಾಗೆ. ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಂ ತೋರಿಸಿದೆ. ಸುತ್ತಲಿನ ಜಲಾನಯನ, ನೀರಿನ ಮೂಲ ಕಾಪಾಡುವ ಅಧಿಕಾರ ಗ್ರಾಮಸಭೆಗೆ ಇದೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅವರು ಓದಿದರೋ ಇಲ್ಲವೋ, ವಾದ ಅಲ್ಲಿಗೆ ನಿಂತಿತು.

ಶಿವರಾತ್ರಿ ಕಳೆಯಿತು. ಬೆಂಕಿ ಕಾಲ ಅಂತ ಕಾಡಿನೊಳಗೆ ಹೋಗೋಕೆ ಬಿಗಿ ಇತ್ತು. ಗಾರ್ಡ್ ಜೊತೆ ಹೋಗಿ ಅಳೆದೆವು. ಯುಗಾದಿ ಹತ್ತಿರ ಬರುವ ಹೊತ್ತಿಗೆ ಅದೇ ಬಕೆಟ್ ತುಂಬೋಕೆ 50 ಸೆಕೆಂಡ್ ಬೇಕಾಯಿತು. ದಿನಕ್ಕೆ ಸುಮಾರು 26,000 ಲೀಟರ್. ಎಂಟನೇ ಒಂದು ಪಾಲು ಅಂದುಕೊಂಡಿದ್ದು ಅರ್ಧಕ್ಕಿಂತ ಜಾಸ್ತಿ ಆಗಿತ್ತು. ತೊರೆಯ ಕೆಳಗೆ ಒಂದು ಗುಂಡಿ ಇದೆ. ಮೇಲಿನ ತೊರೆಗಳೆಲ್ಲಾ ಬತ್ತಿದ ಆ ತಿಂಗಳಲ್ಲಿ ಅಲ್ಲಿ ಕಾಟಿ, ಕಡವೆ, ಆನೆ ಎಲ್ಲದರ ಹೆಜ್ಜೆ ಇತ್ತು. ನಾವು ಅರ್ಧಕ್ಕಿಂತ ಜಾಸ್ತಿ ತೆಗೆದರೆ ಗುಂಡಿಗೆ ಇಳಿಯುವುದು ಏನು? ಇಳಿಯದಿದ್ದರೆ ಆ ಪ್ರಾಣಿಗಳು ನೀರು ಹುಡುಕಿಕೊಂಡು ಬರುವುದು ಪೋಡಿನ ಟ್ಯಾಂಕ್‌ಗೇ. ನಲ್ಲಿ ಹಾಕಿಸಿ ಆನೆಯನ್ನು ಮನೆ ಬಾಗಿಲಿಗೆ ಕರೆದ ಹಾಗೆ ಆಗುತ್ತಿತ್ತು. ಇದನ್ನು ಯಾವ ಸಲಹೆಗಾರರೂ ನಮಗೆ ಹೇಳಿರಲಿಲ್ಲ. ಎಲೆ ಅಡಿಕೆ ಜಗಿಯುತ್ತಾ ಒಬ್ಬ ಅಜ್ಜಿ ಹೇಳಿದ್ದರು.

ನೀರಿನ ಪರೀಕ್ಷೆಯನ್ನೂ ಆಗಲೇ ಮಾಡಿದೆವು. ಫ್ಲೋರೈಡ್ ಇಲ್ಲ ಅನ್ನುವಷ್ಟು ಕಡಿಮೆ, ಗಡಸುತನ ಇಲ್ಲ. ಆದರೆ ಬ್ಯಾಕ್ಟೀರಿಯಾ ನೋಡುವ ಸಣ್ಣ ಬಾಟಲಿ ಎರಡನೇ ದಿನಕ್ಕೆ ಕಪ್ಪಾಯಿತು. ಕಾಡಿನ ನೀರು, ಪ್ರಾಣಿ ತುಳಿದ ನೀರು, ಇನ್ನೇನಾಗುತ್ತೆ? "ನಾವು ಹುಟ್ಟಿದಾಗಿಂದ ಕುಡ್ದಿವಿ" ಅಂದರು ಜನ. ಮಕ್ಕಳ ಬೇಧಿ ಬಗ್ಗೆ ಆಶಾ ಕಾರ್ಯಕರ್ತೆ ಎದ್ದು ನಿಂತು ಹೇಳಿದ ಮೇಲೆ ಕ್ಲೋರಿನ್‌ಗೆ ಒಪ್ಪಿದರು. ವಾಸನೆ ಬಂದರೆ ಕುಡಿಯಲ್ಲ ಅನ್ನೋ ಷರತ್ತು ಹಾಕಿಯೇ ಒಪ್ಪಿದರು. ನಲ್ಲಿ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಯುವಷ್ಟು ಹಾಕಿದರೆ ಸಾಕು, ಅಷ್ಟಕ್ಕೆ ವಾಸನೆ ಹೆಚ್ಚಿರಲ್ಲ.

ಎರಡನೇ ಗ್ರಾಮಸಭೆಗೆ ಈ ಎರಡು ಅಳತೆಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ತೂಗುಹಾಕಿದೆವು. ಬೇಸಿಗೆಯಲ್ಲಿ ಎಷ್ಟು ತೆಗೆಯಬೇಕು ಅಂತ ಚರ್ಚೆ ಎದ್ದಿತು. ಯುವಕರು ಅರ್ಧ ಅಂದರು. ನೆಲ್ಲಿಕಾಯಿ ಕೀಳೋಕೆ ಹೋಗುವ ಹೆಂಗಸರು ಒಪ್ಪಲಿಲ್ಲ. ಅವರು ಯಾವ ಮರವನ್ನೂ ಪೂರ್ತಿ ಬಳಿದು ಬರಲ್ಲ, ಕಡವೆಗೆ, ಜಿಂಕೆಗೆ ಅಂತ ಬಿಟ್ಟೇ ಬರುತ್ತಾರೆ. ಕೊನೆಗೆ ಒಂದು ಪಾಲು ಪೋಡಿಗೆ, ಎರಡು ಪಾಲು ಕಾಡಿಗೆ ಅಂತ ತೀರ್ಮಾನ ಆಯಿತು. ಬೇಸಿಗೆಯ ಆ ಕೆಟ್ಟ ತಿಂಗಳಲ್ಲಿ ಒಬ್ಬರಿಗೆ 34 ಲೀಟರ್ ಬರುತ್ತೆ. ಕುಡಿಯೋಕೆ, ಅಡುಗೆಗೆ, ಸ್ನಾನಕ್ಕೆ ಸಾಕು. ಬಟ್ಟೆ ಒಗೆಯೋಕೆ, ದನಕ್ಕೆ ಹಳೇ ಬೋರ್ ನೀರು.

ಇದನ್ನು ಕಾಗದದಲ್ಲಿ ಬರೆಯುವುದು ಸುಲಭ, ಪಾಲಿಸುವುದು ಹೇಗೆ? ದಿನಾ ಯಾರು ಬೆಟ್ಟ ಹತ್ತಿ ವಾಲ್ವ್ ತಿರುಗಿಸುತ್ತಾರೆ? ಇಲ್ಲಿ ಇಂಜಿನಿಯರ್ ಕೈಚಳಕ ತೋರಿಸಿದರು. ಅಬ್ಬಿಯಿಂದ ತುಂಬಾ ಕೆಳಗೆ, ತಮ್ಮಡಿ ಅಜ್ಜ ತೋರಿಸಿದ ಜಾಗದಲ್ಲಿ ಒಂದು ಸಣ್ಣ ಕಲ್ಲಿನ ತಡೆ. ಅದರ ಮೇಲೆ ಒಂದೇ ಮಟ್ಟದಲ್ಲಿ, ಒಂದೇ ಅಳತೆಯ ಮೂರು ಕಂಡಿ. ಎರಡು ಕಂಡಿಯ ನೀರು ನೇರ ತೊರೆಗೆ. ಒಂದು ಕಂಡಿಯ ನೀರು ಜಲ್ಲಿ, ಮರಳು ತುಂಬಿದ ತೊಟ್ಟಿಗೆ, ಅಲ್ಲಿಂದ ಪೈಪ್‌ಗೆ. ಹರಿವು ಜಾಸ್ತಿ ಇದ್ದರೂ ಕಡಿಮೆ ಇದ್ದರೂ ಪಾಲು ಅದೇ. ಕೆಳಗಿನ ಟ್ಯಾಂಕ್‌ನಲ್ಲಿ ಫ್ಲೋಟ್ ವಾಲ್ವ್. ಟ್ಯಾಂಕ್ ತುಂಬಿದರೆ ಪೈಪ್ ನಿಲ್ಲುತ್ತೆ, ಮೇಲಿನ ತೊಟ್ಟಿ ತುಂಬಿ ಮಿಕ್ಕ ನೀರು ತೊರೆಗೇ ಹೋಗುತ್ತೆ. ವಾಲ್ವ್‌ಗೆ ಕೈ ಹಾಕುವ ಅವಶ್ಯಕತೆಯೇ ಇಲ್ಲ. ಮೊದಲು ನಕ್ಕಿದ್ದ ಮನುಷ್ಯ ಇದನ್ನು ರಾತ್ರಿ ಕೂತು ಬರೆದು ತಂದಿದ್ದರು.

55 ಲೀಟರ್ ಬರದ ಯೋಜನೆಗೆ ಮಂಜೂರಾತಿ ಸಿಗಲ್ಲ ಅಂತ ಇನ್ನೊಂದು ತಕರಾರು ಬಂತು. ಬೋರ್ ನೀರನ್ನೂ ಸೇರಿಸಿ ಬೇಸಿಗೆಯಲ್ಲಿ 55 ಅಂತ ತೋರಿಸಿದ ಮೇಲೆ ಸರಿಯಾಯಿತು. ಅದು ಕುಡಿಯುವ ನಲ್ಲಿಗೆ ಸೇರಲ್ಲ, ಬೇರೆ ತೊಟ್ಟಿಗೆ ಬರುತ್ತೆ ಅಂತಲೂ ಬರೆದೆವು.

ಮರದ ವಿಷಯ. ಕಾಯ್ದೆಯ ಲೆಕ್ಕದಲ್ಲಿ ನಮ್ಮ 0.15 ಹೆಕ್ಟೇರಿಗೆ 11 ಮರದವರೆಗೆ ಕಡಿಯಬಹುದು. ಆದರೆ ಇದು ಅಭಯಾರಣ್ಯ. 2000ರ ಫೆಬ್ರವರಿಯ ಸುಪ್ರೀಂ ಕೋರ್ಟ್ ಆದೇಶದಂತೆ ಇಲ್ಲಿ ಒಣಗಿ ಬಿದ್ದ ಮರವನ್ನೂ ಎತ್ತುವಂತಿಲ್ಲ. "ಒಂದು ಮರ ಅಂತ ಬರೆದರೂ ಕಡತ ಬೆಂಗಳೂರಿಗೆ ಹೋಗುತ್ತೆ, ಸೊನ್ನೆ ಅಂತ ಬರೆಯೋ ಹಾಗೆ ಮಾಡಿ" ಅಂದರು ಆರ್‌ಎಫ್‌ಒ. ಪೋಡಿನ ಇಬ್ಬರು ಹಗ್ಗ ಹಿಡಿದು ನಮ್ಮ ಜೊತೆ ಇಡೀ ದಾರಿ ನಡೆದರು. ಹೊನ್ನೆ, ಮತ್ತಿ, ನೆಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲಾ ದಾರಿ ಬಾಗಿತು. ಆದಷ್ಟೂ ಲಂಟಾನ ಅನ್ನೋ ಕಳೆ ಬೆಳೆದ ಕಡೆಯೇ ಎಳೆದೆವು. ಲಂಟಾನ ಹೋದರೆ ಅಳುವವರು ಯಾರೂ ಇಲ್ಲ. ಬೆಂಕಿ ನಿಂತ ಮೇಲೆಯೇ ಅದು ಹೀಗೆ ತುಂಬಿಕೊಂಡಿದ್ದು ಅಂತ ಸೋಲಿಗರು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಪೈಪ್ ಉದ್ದ ಸ್ವಲ್ಪ ಹೆಚ್ಚಾಯಿತು, ಅಂದಾಜು ಪಟ್ಟಿ ಮತ್ತೆ ಮಾಡಬೇಕಾಯಿತು. ಮರ ಸೊನ್ನೆ ಆಯಿತು.

ಆಮೇಲೆ ಕಾನೂನಿನ ಗಂಟು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಂ ಪ್ರಕಾರ ಅಭಯಾರಣ್ಯದ ಒಳಗೆ ಬರುವ ಅಥವಾ ಹೊರಗೆ ಹೋಗುವ ನೀರಿನ ಹರಿವನ್ನು ತಿರುಗಿಸುವಂತಿಲ್ಲ, ನಿಲ್ಲಿಸುವಂತಿಲ್ಲ, ಹೆಚ್ಚಿಸುವಂತೆಯೂ ಇಲ್ಲ. ಮಾಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು, ಅದಕ್ಕೆ ಮುಂಚೆ ಸರ್ಕಾರ ವನ್ಯಜೀವಿ ಮಂಡಳಿಯನ್ನು ಕೇಳಬೇಕು. 60 ಮನೆಯ ನಲ್ಲಿಗೆ ರಾಜ್ಯ ಮಂಡಳಿ! ಕಡತ ಅಲ್ಲೇ ಕೂತುಬಿಟ್ಟಿತು. ಯಾರೂ ಬೇಡ ಅನ್ನುತ್ತಿರಲಿಲ್ಲ, ಯಾರೂ ರುಜು ಹಾಕುತ್ತಲೂ ಇರಲಿಲ್ಲ. ಕೇಳಿದರೆ "ನೋಡ್ತಾ ಇದ್ದೀವಿ". ಈ ನೋಡುವ ಕೆಲಸದಲ್ಲಿ ಒಂದು ಮಳೆಗಾಲ ಹೋಯಿತು.

ಬಿಡಿಸಿದ್ದು 2022ರ ತಿದ್ದುಪಡಿ. ಅದರಲ್ಲಿ 29ನೇ ಕಲಮಿನ ವಿವರಣೆಗೆ ಒಂದು ಮಾತು ಸೇರಿಸಿದ್ದಾರೆ. ಸ್ಥಳೀಯ ಜನ ಕುಡಿಯೋಕೆ, ಮನೆ ಬಳಕೆಗೆ ಪ್ರಾಮಾಣಿಕವಾಗಿ ನೀರು ಬಳಸಿದರೆ ಅದು ನಿಷೇಧಿಸಿದ ಕೆಲಸ ಅಂತ ಆಗಲ್ಲ. 2023ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ನಮ್ಮ ಕಡತಕ್ಕೆ ಈ ಸಾಲು ಸೇರಿಸಿ, ಗ್ರಾಮಸಭೆಯ ಮೂರು ಪಾಲಿನ ನಡಾವಳಿ ಮತ್ತು ನೀರಿನ ಅಳತೆಯ ಹಾಳೆಯನ್ನು ಬೇರೆಯಾಗಿ ಲಗತ್ತಿಸಿದೆವು. ನಮೂನೆ ಕೇಳದ ಹಾಳೆ ಅದು. ಆದರೆ ಆರ್‌ಎಫ್‌ಒ ಸ್ಥಳ ಪರಿಶೀಲನೆ ಬರೆಯುವಾಗ ಮೊದಲು ಉಲ್ಲೇಖಿಸಿದ್ದು ಅದನ್ನೇ. ಹರಿವು ನಿಲ್ಲುತ್ತಿಲ್ಲ, ಬೇಸಿಗೆಯಲ್ಲೂ ಮೂರನೇ ಎರಡು ಪಾಲು ತೊರೆಯಲ್ಲೇ ಉಳಿಯುತ್ತೆ ಅಂತ ಅವರು ಬರೆದ ಮೇಲೆ ಡಿಸಿಎಫ್ ರುಜು ಬಿತ್ತು. ಪೋಡಿನವರು ಕೇಳಿದ ಪ್ರಶ್ನೆಯಿಂದ ಕೆಲಸ ತಡ ಆಯಿತು ಅಂತ ಈಗಲೂ ಹೇಳುವವರಿದ್ದಾರೆ. ಕಡತ ಬಿಡಿಸಿದ್ದು ಅದೇ ಪ್ರಶ್ನೆಗೆ ಹುಡುಕಿದ ಉತ್ತರ. ಅದಿಲ್ಲದೆ ಬರೀ "13,750 ಲೀಟರ್ ತೆಗೆಯುತ್ತೇವೆ" ಅಂತ ಹೋಗಿದ್ದರೆ ಆ ಅಧಿಕಾರಿಗೆ ರುಜು ಹಾಕೋಕೆ ಯಾವ ಆಧಾರ ಇರುತ್ತಿತ್ತು?

ಅನುಮತಿ ಪತ್ರದಲ್ಲಿ ಷರತ್ತುಗಳಿದ್ದವು. ಬೆಳಕು ಹರಿದ ಮೇಲೆ ಶುರು, ಕತ್ತಲಾಗುವ ಮುಂಚೆ ಹೊರಗೆ. ಕೂಲಿಯವರ ಶೆಡ್ ಕಾಡಿನಲ್ಲಿ ಇರಬಾರದು. ಒಲೆ ಹಚ್ಚಬಾರದು. ಜೆಸಿಬಿ ಬೇಡ, ಕೈಯಲ್ಲೇ ಅಗೆಯಬೇಕು. ಅವತ್ತು ಅಗೆದ ಕಾಲುವೆ ಅವತ್ತೇ ಮುಚ್ಚಬೇಕು. ಪೈಪ್ 90 ಸೆಂಟಿಮೀಟರ್ ಆಳಕ್ಕೆ ಹೋಗಬೇಕು. ಜಮೀನು ಅರಣ್ಯದ್ದಾಗಿಯೇ ಇರುತ್ತೆ. ಗ್ರಾಮಸಭೆ ತನ್ನ ಕಡೆಯಿಂದ ಇನ್ನೊಂದು ಸೇರಿಸಿತ್ತು: ಅಗೆಯುವ ಕೂಲಿ ಪೋಡಿನವರಿಗೇ ಕೊಡಬೇಕು.

ಇದೊಂದನ್ನು ಗುತ್ತಿಗೆದಾರ ಮೊದಲು ಕೇಳಲಿಲ್ಲ. ಹೊರಗಿನಿಂದ ಜನ ತಂದ. ಒಂದು ಸಂಜೆ ಉದ್ದದ ಕಾಲುವೆಯನ್ನು ತೆರೆದೇ ಬಿಟ್ಟು ಅವರು ಬೆಟ್ಟ ಇಳಿದುಬಿಟ್ಟರು. ಮರಿ ಆನೆಯೋ ಕಾಟಿ ಕರುವೋ ಬಿದ್ದಿದ್ದರೆ? ಪೋಡಿನ ಹುಡುಗರು ಟಾರ್ಚ್ ಹಿಡಿದು ಹೋಗಿ ಮಣ್ಣು ಎಳೆದು ಮುಚ್ಚಿದರು. ಬೆಳಗ್ಗೆ ಅರಣ್ಯ ಹಕ್ಕು ಸಮಿತಿಯವರೇ ಗಾರ್ಡ್ ಕರೆದು ಕೆಲಸ ನಿಲ್ಲಿಸಿದರು. ಮತ್ತೆ ಶುರುವಾದಾಗ ಗುದ್ದಲಿ ಹಿಡಿದವರು ಪೋಡಿನವರೇ. ಎಲ್ಲಿ ಬೇರು ಇದೆ, ಎಲ್ಲಿ ಬಂಡೆ ಇದೆ ಅಂತ ಅವರಿಗೆ ಗೊತ್ತಿತ್ತು. ಕೆಲಸ ಬೇಗ ಸಾಗಿತು.

ನೀರು ಬಂದ ದಿನ ಉದ್ಘಾಟನೆ, ಹಾರ, ಭಾಷಣ ಎಲ್ಲಾ ಆಯಿತು, ಅದನ್ನು ಬರೆಯುವುದು ಬೇಡ. ಮೊದಲ ಬೇಸಿಗೆಯ ವಿಷಯ ಹೇಳುತ್ತೇನೆ. ತೊರೆ ದಾಟುವ ಕಡೆ ಕಬ್ಬಿಣದ ಪೈಪ್ ಹಾಕಿದ್ದೆವು, ಅದಕ್ಕೆ ಏನೂ ಆಗಲಿಲ್ಲ. ಬಂಡೆ ಸಿಕ್ಕಿ ಆಳ ಕಡಿಮೆಯಾದ ಒಂದು ಕಡೆ ಆನೆ ಪೈಪ್ ಕಿತ್ತು ಬಿಸಾಡಿತ್ತು. ಅಲ್ಲಿ ಈಗ ಕಲ್ಲು ಜೋಡಿಸಿ ಮುಚ್ಚಿದ್ದಾರೆ. ಮರಳಿನ ತೊಟ್ಟಿ ಮಳೆಗಾಲದಲ್ಲಿ ಎಲೆ ಕಟ್ಟಿ ನಿಂತಿತ್ತು. ನೀರುಗಂಟಿಯಾಗಿ ನೇಮಿಸಿದ ಹುಡುಗಿ ಅದನ್ನು ತೊಳೆಯುವುದು, ಕ್ಲೋರಿನ್ ಹಾಕುವುದು, ಬಕೆಟ್ ಇಟ್ಟು ಹರಿವು ಅಳೆಯುವುದು ಮೂರನ್ನೂ ಮಾಡುತ್ತಾಳೆ. ಅಳತೆ ಬರೆಯೋಕೆ ನೋಟ್‌ಬುಕ್ ಕೊಟ್ಟಿದ್ದೇವೆ. ಅವಳ ಸಂಬಳದ್ದೇ ತಕರಾರು. ಪಂಚಾಯಿತಿ ತಿಂಗಳು ತಿಂಗಳು ಕೊಡಲ್ಲ. ಮನೆಗೆ ಇಷ್ಟು ಅಂತ ಎತ್ತೋಣ ಅಂದರೆ ಕೂಲಿ ಇಲ್ಲದ ತಿಂಗಳಲ್ಲಿ ಯಾರೂ ಕೊಡಲ್ಲ.

ಈಗ ಹತ್ತಿರದ ಆಶ್ರಮ ಶಾಲೆಯವರು ಅದೇ ಪೈಪಿಂದ ತಮಗೂ ನೀರು ಬೇಕು ಅಂತ ಅರ್ಜಿ ಕೊಟ್ಟಿದ್ದಾರೆ. ಮಕ್ಕಳು ಪೋಡಿನವರೇ, ಬೇಡ ಅನ್ನೋಕೆ ಯಾರಿಗೂ ಮನಸ್ಸಿಲ್ಲ. ಆದರೆ ಒಂದು ಪಾಲು ಎರಡು ಆದರೆ ಗುಂಡಿಗೆ ಉಳಿಯುವುದು ಒಂದೇ. ಗ್ರಾಮಸಭೆ ಅರ್ಜಿ ತೆಗೆದುಕೊಂಡು, ಹುಡುಗಿಯ ನೋಟ್‌ಬುಕ್‌ನಲ್ಲಿ ಇನ್ನೊಂದು ಬೇಸಿಗೆಯ ಅಳತೆ ಬಂದ ಮೇಲೆ ಹೇಳುತ್ತೇವೆ ಅಂದಿದೆ. ಅಲ್ಲಿವರೆಗೆ ಶಾಲೆಗೆ ಟ್ಯಾಂಕರ್ ಕಳಿಸಿ ಅಂತ ಪಂಚಾಯಿತಿಗೆ ಬರೆದ ಪತ್ರ ನನ್ನ ಕೈಬರಹದಲ್ಲೇ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ.